ಹೈವೇಯಲ್ಲಿ ಎಳೆತ ಬಿಡುವ ಹಳೇ ಕಾರು: ಮೊದಲು ಅಳೆಯಿರಿ, ಆಮೇಲೆ ಬದಲಿಸಿ

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಕಾರು 2003ರ ಮಾರುತಿ ಜೆನ್, ಪೆಟ್ರೋಲ್, ಎಂಪಿಎಫ್‌ಐ, ಅಂದರೆ ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವ ಇಂಜಿನ್. ಊರೊಳಗೆ ಓಡಿಸಿದರೆ ಏನೂ ತೊಂದರೆ ಇಲ್ಲ. ಕುಂಬಳೆಯಲ್ಲಿ ಹೈವೇ ಹತ್ತಿ ಮಂಗಳೂರಿನ ಕಡೆಗೆ ಎಂಬತ್ತರಲ್ಲಿ ಹೋದರೆ ಉಪ್ಪಳ ದಾಟಿ ಹೊಸಂಗಡಿ ಬರುವಷ್ಟರಲ್ಲಿ ಎಳೆತ ಕಡಿಮೆಯಾಗುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಐವತ್ತು, ನಲವತ್ತಕ್ಕೆ ಇಳಿಯುತ್ತದೆ. ಬದಿಗೆ ನಿಲ್ಲಿಸಿ ಐದು ನಿಮಿಷ ಬಿಟ್ಟು ಹೊರಟರೆ ಮತ್ತೆ ಸರಿ, ಸ್ವಲ್ಪ ದೂರ ಹೋದ ಮೇಲೆ ಅದೇ ಕಥೆ. ಪ್ಲಗ್, ಏರ್ ಫಿಲ್ಟರ್, ಪ್ಲಗ್ ವೈರ್ ಎಲ್ಲ ಹೊಸದು ಹಾಕಿಸಿದೆ. ಈಗ ಮೆಕ್ಯಾನಿಕ್ ನಾಲ್ಕೂ ಇಂಜೆಕ್ಟರ್ ಬದಲಿಸಬೇಕು ಅನ್ನುತ್ತಿದ್ದಾರೆ. ಬದಲಿಸಲಾ?

ಉತ್ತರ: ಸದ್ಯಕ್ಕೆ ಬೇಡ. ಇಂಜೆಕ್ಟರ್ ಮೇಲೆ ನನಗೆ ಅನುಮಾನ ತೀರಾ ಕಡಿಮೆ. ಕಟ್ಟಿಕೊಂಡ ಇಂಜೆಕ್ಟರ್ ಐದು ನಿಮಿಷ ವಿಶ್ರಾಂತಿ ಕೊಟ್ಟರೆ ತೆರೆದುಕೊಳ್ಳುವುದಿಲ್ಲ. ಅದು ಕೆಟ್ಟಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೇ ಇಂಜಿನ್ ನಡುಗುತ್ತದೆ, ಐಡ್ಲಿಂಗ್ ಸರಿ ನಿಲ್ಲುವುದಿಲ್ಲ, ಬದಿಯಡ್ಕ ಪೇಟೆಯೊಳಗೂ ಮಿಸ್ಸಿಂಗ್ ಇರುತ್ತದೆ. ಅದಲ್ಲದೆ ನಾಲ್ಕೂ ಒಟ್ಟಿಗೆ ಸೋತು, ನಾಲ್ಕೂ ಒಟ್ಟಿಗೆ ಸುಧಾರಿಸಿಕೊಳ್ಳುವುದು ಆಗುವ ಮಾತಲ್ಲ.

ನಿಮ್ಮ ಪತ್ರದಲ್ಲಿ ನನಗೆ ಬೇಕಾದ ಮೂರು ಸುಳಿವು ಆಗಲೇ ಇವೆ. ಊರೊಳಗೆ ತೊಂದರೆ ಇಲ್ಲ. ಎಳೆತ ನಿಧಾನವಾಗಿ ಇಳಿಯುತ್ತದೆ. ಐದೇ ನಿಮಿಷದಲ್ಲಿ ಸರಿಹೋಗುತ್ತದೆ. ಈ ಮೂರನ್ನೂ ಜೋಡಿಸಿದರೆ ಮೊದಲ ಅನುಮಾನ ಪೆಟ್ರೋಲ್ ಸಾಗುವ ದಾರಿಯ ಮೇಲೆ ಬೀಳುತ್ತದೆ. ಅಂದರೆ ಟ್ಯಾಂಕಿನೊಳಗಿನ ಪಂಪಿನ ಜಾಲರಿ, ಪಂಪ್, ಫ್ಯೂಯಲ್ ಫಿಲ್ಟರ್, ಟ್ಯಾಂಕಿಗೆ ಗಾಳಿ ಹೋಗುವ ದಾರಿ. ಇಂಜಿನ್ ಪಾಪ, ಬಂದಷ್ಟು ಪೆಟ್ರೋಲ್ ಸುಡುತ್ತಿದೆ. ಬರುವುದೇ ಸಾಲುತ್ತಿಲ್ಲ.

ಊರೊಳಗೆ ಯಾಕೆ ಗೊತ್ತಾಗುವುದಿಲ್ಲ ಅಂದರೆ ಲೆಕ್ಕ ಸುಲಭ. ನಿಮ್ಮ ಕಾರು ಎಂಬತ್ತರ ವೇಗದಲ್ಲಿ ಲೀಟರಿಗೆ 16 ಕಿಲೋಮೀಟರ್ ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಆಗ ಗಂಟೆಗೆ 5 ಲೀಟರ್ ಬೇಕು. ಸಿಗ್ನಲಿನಲ್ಲಿ ನಿಂತು ಐಡ್ಲಿಂಗ್ ಆಗುವಾಗ ಗಂಟೆಗೆ ಒಂದು ಲೀಟರೂ ಬೇಡ. ಪೇಟೆಯಲ್ಲಿ ಒಮ್ಮೆ ಒತ್ತುತ್ತೀರಿ, ಒಮ್ಮೆ ಬಿಡುತ್ತೀರಿ, ನಡುವೆ ಪಂಪಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಹೈವೇಯಲ್ಲಿ ಬಿಡುವೇ ಇಲ್ಲ. ಅರ್ಧ ಕಟ್ಟಿಕೊಂಡ ಫಿಲ್ಟರ್ ಕೂಡ ಪೇಟೆಗೆ ಸಾಕಾಗುತ್ತದೆ, ಹೈವೇಗೆ ಸಾಕಾಗುವುದಿಲ್ಲ.

ಇನ್ನೊಂದು ವಿಷಯವನ್ನು ನಮ್ಮ ಕಡೆಯವರು ಗಮನಿಸಬೇಕು. ಮೊದಲು ಕಾಸರಗೋಡಿನಿಂದ ಕರ್ನಾಟಕದ ಗಡಿಯ ತಲಪಾಡಿಗೆ ಹೋಗುವ ರಸ್ತೆಯಲ್ಲಿ ಒಂದೇ ಸಮನೆ ಎಂಬತ್ತರಲ್ಲಿ ಹೋಗುವುದು ಯಾರಿಗೆ ಸಾಧ್ಯವಿತ್ತು? ಹೊಂಡ, ಬಸ್ಸು, ಕುಂಬಳೆ ಪೇಟೆ, ಉಪ್ಪಳ ಪೇಟೆ, ಹೊಸಂಗಡಿ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಪಥ ಆದ ಮೇಲೆ ಹಳೇ ಕಾರುಗಳು ಮೊದಲ ಸಲ ಒಂದೇ ಭಾರದಲ್ಲಿ ಹತ್ತು ಹದಿನೈದು ನಿಮಿಷ ಓಡುತ್ತಿವೆ. ಎಷ್ಟೋ ಕಾರುಗಳಲ್ಲಿ ತೊಂದರೆ ಮೊದಲೇ ಇತ್ತು, ಅದನ್ನು ತೋರಿಸುವ ರಸ್ತೆ ಇರಲಿಲ್ಲ ಅಷ್ಟೇ. ಹಾಗಾಗಿ "ಮೊನ್ನೆವರೆಗೆ ಚೆನ್ನಾಗಿತ್ತು" ಅನ್ನುವ ಮಾತನ್ನು ನಾನು ಈಗ ಅಷ್ಟಾಗಿ ನಂಬುವುದಿಲ್ಲ.

ಈಗ ಐದು ನಿಮಿಷದ ವಿಚಾರ. ನನ್ನ ಪ್ರಕಾರ ಇಡೀ ಪತ್ರದಲ್ಲಿ ಇದೇ ಮುಖ್ಯ. "ಬಿಸಿಯಾದಾಗ ಆಗುತ್ತದೆ, ತಣ್ಣಗಾದಾಗ ಸರಿಯಾಗುತ್ತದೆ, ಹಾಗಾದರೆ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್" ಅಂತ ವರ್ಕ್‌ಶಾಪಿನಲ್ಲಿ ಬೇಗ ತೀರ್ಮಾನಿಸಿಬಿಡುತ್ತಾರೆ. ಆದರೆ ಹೈವೇಯಲ್ಲಿ ಓಡಿ ನಿಂತ ಕಾರಿನ ಬಾನೆಟ್ ಒಳಗೆ ಮೊದಲ ಐದು ನಿಮಿಷ ಬಿಸಿ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಓಡುವಾಗ ಬರುತ್ತಿದ್ದ ಗಾಳಿ ನಿಂತಿರುತ್ತದೆ, ಇಂಜಿನ್ನಿನ ಕಾವು ಮೇಲಕ್ಕೆ ಏರುತ್ತದೆ. ಕಾಯಿಲ್ ಬಿಸಿಗೆ ಸೋಲುತ್ತಿದ್ದರೆ ಐದು ನಿಮಿಷದ ನಂತರ ಇನ್ನೂ ಕೆಟ್ಟದಾಗಬೇಕಿತ್ತು. ಸರಿಯಾಗಲು ಅರ್ಧ ಗಂಟೆಯಾದರೂ ಬೇಕಿತ್ತು.

ಹಾಗಾದರೆ ಐದು ನಿಮಿಷದಲ್ಲಿ ಸರಿಯಾಗುವುದು ಯಾವುದು? ತೋಟದ ಕೆರೆಗೆ ಇಳಿಸಿದ ಪಂಪ್‌ಸೆಟ್‌ನ ಫುಟ್‌ವಾಲ್ವ್ ನೆನಪು ಮಾಡಿಕೊಳ್ಳಿ. ಎಲೆ, ಕಸ ಬಂದು ಜಾಲರಿಗೆ ಅಂಟಿದರೆ ಸ್ಪ್ರಿಂಕ್ಲರ್ ಸೋಲುತ್ತದೆ. ಪಂಪ್ ನಿಲ್ಲಿಸಿದರೆ ಎಳೆತ ಹೋಗಿ ಕಸ ತಾನಾಗಿ ಉದುರುತ್ತದೆ, ಮತ್ತೆ ಹಾಕಿದರೆ ಸ್ವಲ್ಪ ಹೊತ್ತು ಚೆನ್ನಾಗಿ ಬರುತ್ತದೆ. ಟ್ಯಾಂಕಿನೊಳಗೆ ಪಂಪಿನ ಬಾಯಿಗೆ ಕಟ್ಟಿದ ಸಣ್ಣ ಜಾಲರಿಯಲ್ಲೂ ನಡೆಯುವುದು ಇದೇ. ಇಪ್ಪತ್ತು ವರ್ಷದ ಟ್ಯಾಂಕಿನ ತಳದಲ್ಲಿ ತುಕ್ಕಿನ ಪುಡಿ, ಮಣ್ಣು, ಕಂದು ಕೆಸರು ಕೂತಿರುತ್ತದೆ. ಕರಾವಳಿಯ ತೇವ, ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರು, ಅರ್ಧ ಖಾಲಿ ಟ್ಯಾಂಕ್ ಇಷ್ಟು ಸಾಕು ಅದಕ್ಕೆ.

ಪೆಟ್ರೋಲ್ ಎಲ್ಲಿ ಹಾಕಿಸುತ್ತೀರಿ ಅಂತ ನೀವು ಬರೆದಿಲ್ಲ. ನಮ್ಮಲ್ಲಿ ತುಂಬಾ ಜನ ಕರ್ನಾಟಕದ ರೇಟು ಕಡಿಮೆ ಅಂತ ತಲಪಾಡಿ ದಾಟುವವರೆಗೆ ರಿಸರ್ವ್‌ನಲ್ಲೇ ಓಡಿಸುತ್ತಾರೆ. ಉಳಿತಾಯ ನಿಜವೇ. ಆದರೆ ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಸುತ್ತಲಿನ ಪೆಟ್ರೋಲೇ. ಯಾವಾಗಲೂ ತಳದಲ್ಲಿ ಓಡಿಸಿದರೆ ಪಂಪ್ ಕಾಯುತ್ತದೆ, ತಳದ ಕೆಸರೂ ಜಾಲರಿಗೆ ಬರುತ್ತದೆ. ಅದಕ್ಕೇ ನಿಮ್ಮ ಮೊದಲ ಪರೀಕ್ಷೆಗೆ ಸ್ಪ್ಯಾನರ್ ಬೇಡ. ಟ್ಯಾಂಕ್ ಮುಕ್ಕಾಲು ತುಂಬಿಸಿ ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಹೋಗಿ. ಕಾಲು ಟ್ಯಾಂಕಿನಲ್ಲಿ ಇನ್ನೊಮ್ಮೆ ಹೋಗಿ. ತುಂಬಿದಾಗ ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ ಅಂದರೆ ಜಾಲರಿ ಮತ್ತು ಪಂಪಿನ ಮೇಲಿನ ಅನುಮಾನ ಗಟ್ಟಿಯಾಯಿತು. ಎರಡರಲ್ಲೂ ಒಂದೇ ರೀತಿ ಆದರೆ ಟ್ಯಾಂಕಿನ ಹೊರಗಿನ ಫಿಲ್ಟರ್ ಕಡೆಗೆ ನೋಡೋಣ.

ಎರಡನೇ ಪರೀಕ್ಷೆ ಟ್ಯಾಂಕಿನ ಮುಚ್ಚಳದ್ದು. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಟ್ಯಾಂಕಿನೊಳಗೆ ಹೋಗಬೇಕು. ಆ ದಾರಿ ಕಟ್ಟಿದರೆ ಒಳಗೆ ನಿರ್ವಾತ ಹುಟ್ಟಿ ಪಂಪಿಗೆ ಎಳೆಯಲು ಕಷ್ಟವಾಗುತ್ತದೆ. ಎಳೆತ ಬಿಟ್ಟಾಗ ಕಾರು ನಿಲ್ಲಿಸಿ ತಕ್ಷಣ ಮುಚ್ಚಳ ತೆರೆಯಿರಿ. ಗಾಳಿ ಒಳಕ್ಕೆ ಜೋರಾಗಿ ಎಳೆದುಕೊಂಡ ಸದ್ದು ಬಂದು, ಮರುಕ್ಷಣವೇ ಹೊರಟರೂ ಕಾರು ಸರಿ ಓಡಿದರೆ ಕಳ್ಳ ಸಿಕ್ಕಿದ ಹಾಗೆ. ಗಾಳಿ ಹೊರಕ್ಕೆ ಬಂದರೆ ಚಿಂತೆ ಬೇಡ, ಬಿಸಿಲಿಗೆ ಪೆಟ್ರೋಲಿನ ಆವಿ ಹಾಗೆ ಬರುವುದು ಸಹಜ. ಹಳೇ ಕಾರಿಗೆ ಅಂಗಡಿಯಲ್ಲಿ ಸಿಕ್ಕಿದ ಬೇರೆ ಯಾವುದೋ ಮುಚ್ಚಳ ಹಾಕಿಕೊಂಡವರನ್ನು ಜಾಸ್ತಿ ನೋಡಿದ್ದೇನೆ. ನಿಮ್ಮದೂ ಹಾಗಿದ್ದರೆ ಅದನ್ನು ಮೊದಲು ನೋಡಿ.

ಒಂದು ಎಚ್ಚರಿಕೆ. ಇದನ್ನೆಲ್ಲ ಮಾಡುವಾಗ ಆರು ಪಥದ ಮಧ್ಯೆ ನಿಲ್ಲಿಸಬೇಡಿ. ಎಳೆತ ಇಳಿಯಲು ಶುರುವಾದ ಕೂಡಲೇ ಹಜಾರ್ಡ್ ದೀಪ ಹಾಕಿ, ಎಡಕ್ಕೆ ಬಂದು, ಸರ್ವೀಸ್ ರೋಡಿಗೆ ಇಳಿಯುವ ದಾರಿ ಹಿಡಿಯಿರಿ. ಜೊತೆಗೆ ಇನ್ನೊಬ್ಬರು ಇರಲಿ. ಹಳೇ ಮೆಕ್ಯಾನಿಕ್‌ಗಳು ಒಂದು ಉಪಾಯ ಹೇಳುತ್ತಾರೆ: ಎಳೆತ ಬಿಟ್ಟ ಕ್ಷಣದಲ್ಲೇ ಕ್ಲಚ್ ಒತ್ತಿ ಕೀ ಆಫ್ ಮಾಡಿ, ಪ್ಲಗ್ ಬಿಚ್ಚಿ ಬಣ್ಣ ನೋಡು ಅಂತ. ಬಣ್ಣದಿಂದ ತಿಳಿಯುವುದು ಇದೆ, ಸುಳ್ಳಲ್ಲ. ಆದರೆ ಓಡುವ ಕಾರಿನಲ್ಲಿ ಕೀ ತಿರುಗಿಸಿದರೆ ಬ್ರೇಕ್ ಬೂಸ್ಟರಿನ ಸಹಾಯ ಸ್ವಲ್ಪ ಹೊತ್ತಿನಲ್ಲೇ ಹೋಗುತ್ತದೆ, ಕೀ ಒಂದು ಹೆಜ್ಜೆ ಜಾಸ್ತಿ ತಿರುಗಿದರೆ ಸ್ಟಿಯರಿಂಗ್ ಲಾಕ್ ಆಗಬಹುದು. ಈಗಿನ ರಸ್ತೆಯಲ್ಲಿ ಆ ಸಾಹಸ ಬೇಡವೇ ಬೇಡ.

ಇಗ್ನಿಷನ್ ತೊಂದರೆಗೂ ಪೆಟ್ರೋಲ್ ತೊಂದರೆಗೂ ಇರುವ ವ್ಯತ್ಯಾಸವನ್ನು ಸೀಟಿನಲ್ಲಿ ಕೂತೇ ಗುರುತಿಸಬಹುದು. ಕರೆಂಟ್ ತಪ್ಪಿದರೆ ಕಾರು ಜರ್ಕ್ ಹೊಡೆಯುತ್ತದೆ, ಸೈಲೆನ್ಸರಿನಲ್ಲಿ ಪಟಪಟ ಅನ್ನುತ್ತದೆ, ಒಮ್ಮೆ ಹೋಗಿ ಒಮ್ಮೆ ಬರುತ್ತದೆ. ಪೆಟ್ರೋಲ್ ಸಾಲದಿದ್ದರೆ ಸದ್ದಿಲ್ಲದೆ ಸೊರಗುತ್ತದೆ. ಕಾಲು ಸ್ವಲ್ಪ ಹಿಂದಕ್ಕೆ ತೆಗೆದರೆ ಓಟ ಉತ್ತಮವಾಗುತ್ತದೆ, ಪೂರ್ತಿ ಒತ್ತಿದರೆ ಇನ್ನೂ ಕೆಡುತ್ತದೆ. ಇದು ನಿಮ್ಮಲ್ಲಿ ಆಗುತ್ತಿದೆಯಾ ನೋಡಿ. ಪೂರ್ತಿ ಒತ್ತುವ ಬದಲು ಅರ್ಧ ಒತ್ತಿದಾಗ ಕಾರು ಚೆನ್ನಾಗಿ ಹೋದರೆ ನನಗೆ ಬೇರೆ ಸಾಕ್ಷಿ ಬೇಡ. ತಕ್ಷಣ, ಸ್ವಿಚ್ ಆರಿಸಿದ ಹಾಗೆ ಇಂಜಿನ್ ನಿಂತೇ ಹೋದರೆ ಮಾತ್ರ ಸೆನ್ಸರ್, ರಿಲೇ, ಇಗ್ನಿಷನ್ ಸ್ವಿಚ್ ಕಡೆಗೆ ಹೋಗಬೇಕು. ನಿಮ್ಮದು ಹಾಗಲ್ಲ.

ಇನ್ನು ಮೆಕ್ಯಾನಿಕ್ ಮಾಡಬೇಕಾದ್ದು. ಕೇಳಬೇಕಾದ್ದು ಒಂದೇ: ಫ್ಯೂಯಲ್ ಪ್ರೆಷರ್ ಗೇಜ್ ಹಾಕಿ ಕಾರು ಓಡಿಸಿ ನೋಡಿ ಅಂತ. ನಿಂತ ಕಾರಿನಲ್ಲಿ ಗೇಜ್ ಹಾಕಿ "ಪ್ರೆಷರ್ ಸರಿ ಇದೆ" ಅಂದರೆ ಅದಕ್ಕೆ ಬೆಲೆ ಇಲ್ಲ, ಯಾಕೆಂದರೆ ನಿಂತಾಗ ನಿಮ್ಮ ಕಾರಿನಲ್ಲಿ ತೊಂದರೆಯೇ ಇಲ್ಲವಲ್ಲ. ಉದ್ದದ ಪೈಪಿನ ಗೇಜನ್ನು ಬಾನೆಟ್ ಕೆಳಗಿನಿಂದ ಹೊರಗೆ ತಂದು ವೈಪರಿಗೆ ಭದ್ರವಾಗಿ ಕಟ್ಟಿದರೆ ಒಳಗಿನಿಂದ ಕಾಣುತ್ತದೆ. ಪೆಟ್ರೋಲ್ ಇರುವ ಪೈಪನ್ನು ಮಾತ್ರ ಕಾರಿನೊಳಗೆ ತರಬಾರದು. ಇದು ಬೆಂಕಿಯ ಕೆಲಸ, ನೀವೇ ಮಾಡಲು ಹೋಗಬೇಡಿ.

ಆ ಕಾಲದ ಪೆಟ್ರೋಲ್ ಇಂಜೆಕ್ಷನ್ ಕಾರುಗಳಲ್ಲಿ ಒತ್ತಡ ಸಾಮಾನ್ಯವಾಗಿ 2.5ರಿಂದ 3 ಬಾರ್ ಆಸುಪಾಸು ಇರುತ್ತದೆ. ನಿಮ್ಮ ಕಾರಿನ ಸರಿಯಾದ ಸಂಖ್ಯೆಯನ್ನು ಸರ್ವೀಸ್ ಪುಸ್ತಕದಲ್ಲಿ ನೋಡಿಕೊಳ್ಳಲಿ. ಸಂಖ್ಯೆಗಿಂತ ಮುಖ್ಯ ಮುಳ್ಳಿನ ನಡತೆ. ಕುಂಬಳೆಯಲ್ಲಿ ಹೊರಟಾಗ ಇದ್ದ ಒತ್ತಡ ಎಳೆತ ಬಿಡುವಾಗಲೂ ಹಾಗೇ ಇದ್ದರೆ ನಾನು ಇಷ್ಟು ಹೊತ್ತು ಹೇಳಿದ್ದನ್ನು ಬದಿಗಿಡಿ. ಮುಳ್ಳು ಇಳಿಯುತ್ತಾ ಬಂದರೆ ಪೆಟ್ರೋಲ್ ದಾರಿಯಲ್ಲೇ ತೊಂದರೆ. ಹೈವೇಗೆ ಹೋಗಲು ಮೆಕ್ಯಾನಿಕ್‌ಗೆ ಪುರುಸೊತ್ತಿಲ್ಲದಿದ್ದರೆ ಕುಂಬಳೆಯಿಂದ ಸೀತಾಂಗೋಳಿ ಕಡೆಗೆ ಏರುವ ರಸ್ತೆಯಲ್ಲಿ ನಾಲ್ಕು ಜನ ಕೂತು, ಮೂರನೇ ಗೇರಿನಲ್ಲಿ ಹತ್ತಿಸಿದರೂ ಭಾರ ಸಾಕಷ್ಟು ಸಿಗುತ್ತದೆ.

ಒತ್ತಡ ಇಳಿಯಿತು ಅಂದ ಕೂಡಲೇ ಪಂಪ್ ತರಿಸಬೇಡಿ. ಇಲ್ಲಿ ಅವಸರ ಮಾಡಿ ದುಡ್ಡು ಕಳೆದುಕೊಳ್ಳುವವರು ಜಾಸ್ತಿ. ಪಂಪಿಗೆ ಬರುವ ಕರೆಂಟ್ ಅಳೆಯಬೇಕು. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಹತ್ತಿರ ಇರುತ್ತದೆ. ಪಂಪಿನ ಕನೆಕ್ಟರಿನಲ್ಲಿ ಅದಕ್ಕಿಂತ ಅರ್ಧ ವೋಲ್ಟ್ ಕಡಿಮೆ ಇದ್ದರೆ ಪರವಾಗಿಲ್ಲ. ಒಂದೂವರೆ, ಎರಡು ವೋಲ್ಟ್ ಕಡಿಮೆ ಇದ್ದರೆ ಪಂಪ್ ಒಳ್ಳೆಯದಿದ್ದರೂ ನಿಧಾನವಾಗಿ ತಿರುಗುತ್ತದೆ. ಕಡಲ ಗಾಳಿಯ ಊರು ನಮ್ಮದು. ಹಸಿರು ಹಿಡಿದ ಕನೆಕ್ಟರ್, ತುಕ್ಕು ತಿಂದ ಅರ್ತ್ ಬೋಲ್ಟ್, ಕಪ್ಪಾದ ರಿಲೇ ಪಿನ್ ಇವೆಲ್ಲ ಇಲ್ಲಿ ಮಾಮೂಲಿ. ಇಂಥ ಜೋಡಣೆ ಓಡುತ್ತಾ ಓಡುತ್ತಾ ಬಿಸಿಯಾಗುತ್ತದೆ, ಬಿಸಿಯಾದಷ್ಟು ಕರೆಂಟಿಗೆ ಅಡ್ಡಿ ಜಾಸ್ತಿ. ಅದೂ ಹತ್ತು ನಿಮಿಷದ ನಂತರವೇ ಕೈಕೊಡುತ್ತದೆ. ಉಪ್ಪುಕಾಗದದಿಂದ ಒಂದು ಅರ್ತ್ ಬೋಲ್ಟ್ ಉಜ್ಜಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಹೊಸ ಪಂಪ್ ಹಾಕಿದ ಉದಾಹರಣೆ ಬೇಕಾದಷ್ಟಿವೆ. ತಮಾಷೆ ಅಂದರೆ ಹೊಸ ಪಂಪ್ ಹಾಕುವಾಗ ಕನೆಕ್ಟರ್ ಬಿಚ್ಚಿ ಸಿಕ್ಕಿಸುವುದರಿಂದ ಕೆಲವು ದಿನ ಸರಿಯಾಗುತ್ತದೆ ಕೂಡ!

ಕರೆಂಟ್ ಸರಿ ಇದ್ದರೆ ಫಿಲ್ಟರ್. ಇದನ್ನು ಹೇಗೂ ಬದಲಿಸಿ, ಕೊನೆಯ ಸಲ ಬದಲಿಸಿದ್ದು ಯಾವಾಗ ಅಂತ ನಿಮಗೆ ನೆನಪಿಲ್ಲದಿದ್ದರೆ ಅದೇ ಸಾಕು ಕಾರಣ. ಹಳೆಯದನ್ನು ಬಿಸಾಡಲು ಬಿಡಬೇಡಿ. ಟ್ಯಾಂಕಿನ ಕಡೆಯ ಬಾಯಿಯಿಂದ ಅದರೊಳಗಿನ ಪೆಟ್ರೋಲನ್ನು ಬಿಳಿ ಬಟ್ಟೆಯ ಮೇಲೆ ಸುರಿಸಿ ನೋಡಿ. ಕಂದು ಪುಡಿ, ಕಪ್ಪು ಕೆಸರು ಬಂದರೆ ಟ್ಯಾಂಕ್ ಕೊಳೆಯಾಗಿದೆ ಎಂದೇ ಅರ್ಥ. ಆಗ ಫಿಲ್ಟರ್ ಒಂದನ್ನೇ ಬದಲಿಸಿ ಕೈತೊಳೆದುಕೊಂಡರೆ ಕೆಲವೇ ವಾರದಲ್ಲಿ ಮತ್ತೆ ಅದೇ ಜಾಗಕ್ಕೆ ಬರುತ್ತೀರಿ. ಪಂಪ್ ಹೊರಗೆ ತೆಗೆದು, ಜಾಲರಿ ಹೊಸದು ಹಾಕಿ, ಟ್ಯಾಂಕ್ ಇಳಿಸಿ ತೊಳೆಸಲೇಬೇಕು. ತುಕ್ಕು ತೂತು ಬೀಳುವಷ್ಟಾಗಿದ್ದರೆ ಬೇರೆ ಟ್ಯಾಂಕ್ ಹುಡುಕಿ. ಹಳೇ ಪೆಟ್ರೋಲ್ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವ ಯೋಚನೆ ಯಾರಾದರೂ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನೊಳಗಿನ ಆವಿ ಹೆಚ್ಚು ಅಪಾಯ.

ಎಥನಾಲ್ ಬಗ್ಗೆಯೂ ಕೇಳುವವರಿದ್ದಾರೆ, ಅದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. 2023ರಿಂದ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್ ಬರತೊಡಗಿತು, ಈಗ ಹೆಚ್ಚುಕಡಿಮೆ ಎಲ್ಲ ಕಡೆ ಅದೇ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಮೈಲೇಜು ಸ್ವಲ್ಪ ಇಳಿಯಬಹುದು. ಆದರೆ ಎಂಬತ್ತರಿಂದ ನಲವತ್ತಕ್ಕೆ ಬೀಳಿಸುವ ಶಕ್ತಿ ಅದಕ್ಕಿಲ್ಲ. ಅದರ ತೊಂದರೆ ಬೇರೆ ದಾರಿಯಿಂದ ಬರುತ್ತದೆ. ಅದು ನೀರನ್ನು ಹೀರಿಕೊಳ್ಳುತ್ತದೆ, ಹಳೇ ಟ್ಯಾಂಕಿನ ಗೋಡೆಗೆ ಅಂಟಿದ ಕೊಳೆಯನ್ನು ಸಡಿಲ ಮಾಡುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ನಿಮ್ಮ ಕಾರು 2003ರದ್ದು, ಅದರ ಹೋಸ್‌ಗಳನ್ನು ಈ ಪೆಟ್ರೋಲಿಗೆಂದು ಮಾಡಿದ್ದಲ್ಲ. ಟ್ಯಾಂಕ್ ಇಳಿಸಿದಾಗ ರಬ್ಬರ್ ಹೋಸ್ ಎಲ್ಲ ಬದಲಿಸಿಬಿಡಿ. ಇಂಜೆಕ್ಷನ್ ಕಾರಿಗೆಂದೇ ಬರುವ, ಒತ್ತಡ ತಡೆಯುವ ಹೋಸನ್ನೇ ಹಾಕಿಸಿ. ಬೈಕಿಗೆ ಹಾಕುವ ಮಾಮೂಲಿ ಪೈಪ್ ಕ್ಲಿಪ್ ಹಾಕಿ ಬಿಗಿದರೆ ಇಂದಲ್ಲ ನಾಳೆ ಬಾನೆಟ್ ಒಳಗೆ ಪೆಟ್ರೋಲ್ ಚಿಮ್ಮುತ್ತದೆ.

ಇಂಜೆಕ್ಟರ್ ಬದಲು ಕಾರ್ಬ್ಯುರೇಟರ್ ಇರುವ ಹಳೇ ಮಾರುತಿ 800, ಓಮ್ನಿ ಇಟ್ಟುಕೊಂಡವರಿಗೂ ಒಂದು ಮಾತು. ಅಲ್ಲಿ ಪಂಪ್ ಇಂಜಿನ್ ಪಕ್ಕದಲ್ಲಿರುತ್ತದೆ, ಟ್ಯಾಂಕಿನಿಂದ ಎಳೆದುಕೊಳ್ಳುತ್ತದೆ. ಟ್ಯಾಂಕಿಗೂ ಪಂಪಿಗೂ ನಡುವಿನ ಹೋಸ್ ಬಿರುಕು ಬಿಟ್ಟರೆ ಓಡುವಾಗ ಪೆಟ್ರೋಲ್ ಸೋರುವ ಬದಲು ಗಾಳಿ ಒಳಗೆ ಹೋಗುತ್ತದೆ, ಪೆಟ್ರೋಲ್ ಸಾಲದೆ ಇದೇ ತೊಂದರೆ ಬರುತ್ತದೆ. ಕೆಳಗೆ ಒಂದು ಹನಿಯೂ ಬೀಳುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಸ್ಕ್ಯಾನರ್ ಹಾಕಿ ನೋಡಿಸಲಾ ಅಂತ ನೀವು ಮುಂದೆ ಕೇಳಬಹುದು. ಆನ್‌ಲೈನಿನಲ್ಲಿ ಸಿಗುವ ಬ್ಲೂಟೂತ್ ಸ್ಕ್ಯಾನರ್ ನಿಮ್ಮ ಕಾರಿನ ಜೊತೆ ಮಾತಾಡುವ ಸಂಭವ ಕಡಿಮೆ. ನಮ್ಮ ದೇಶದಲ್ಲಿ ಕಾರುಗಳಿಗೆ ಒಬಿಡಿ, ಅಂದರೆ ತೊಂದರೆಯನ್ನು ಕಾರೇ ಗುರುತಿಸಿ ಕೋಡ್ ಕೊಡುವ ವ್ಯವಸ್ಥೆ, ಕಡ್ಡಾಯ ಆಗಿದ್ದು 2010ರ ನಂತರ. ಮಾತಾಡಿದರೂ ಫ್ಯೂಯಲ್ ಒತ್ತಡ ಅಳೆಯುವ ಸೆನ್ಸರ್ ಇಂಥ ಹಳೇ ಕಾರಿನಲ್ಲಿ ಇರುವುದಿಲ್ಲ, ಕೋಡ್ ಬಾರದಿದ್ದರೆ ಆಶ್ಚರ್ಯ ಇಲ್ಲ. ಪೊಲ್ಯೂಷನ್ ಸರ್ಟಿಫಿಕೇಟ್ ತೋರಿಸಿ "ಇಂಜಿನ್ ಚೆನ್ನಾಗಿದೆ" ಅನ್ನುವವರೂ ಇದ್ದಾರೆ. ಅದು ನಿಂತ ಕಾರಿನ ಹೊಗೆಯ ಲೆಕ್ಕ, ಹೊಸಂಗಡಿಯಲ್ಲಿ ಆಗುವುದನ್ನು ಅದು ಹೇಳುವುದಿಲ್ಲ.

ಇನ್ನು ದುಡ್ಡು ಖರ್ಚಿಲ್ಲದೆ ತಳ್ಳಿಹಾಕಬಹುದಾದ ಎರಡು ವಿಷಯ. ಎಳೆತ ಬಿಟ್ಟು ನಿಲ್ಲಿಸಿದಾಗ ನಾಲ್ಕೂ ಚಕ್ರದ ಬ್ರೇಕಿನ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಸುಡುವಷ್ಟು ಕಾವು ಬೀರುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಬ್ರೇಕ್ ಹಿಡಿದುಕೊಂಡಿದೆ. ಎರಡನೆಯದು ಕ್ಲಚ್. ನಾಲ್ಕನೇ ಗೇರಿನಲ್ಲಿ ಏರು ಹತ್ತುವಾಗ ಇಂಜಿನ್ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ಇಂಜಿನ್ ಬಿಚ್ಚಿಸಬೇಕಾಗಿಲ್ಲ. ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿದ್ದು, ಕಂಪ್ರೆಷನ್ ಇಳಿದದ್ದು ಇವೆಲ್ಲ ಇಡೀ ದಿನ ಇರುವ ತೊಂದರೆ, ಐದು ನಿಮಿಷ ನಿಲ್ಲಿಸಿದ್ದಕ್ಕೆ ವಾಸಿಯಾಗುವುದಿಲ್ಲ.

ಎಳೆತ ಬಿಡುವಾಗಲೂ ಫ್ಯೂಯಲ್ ಒತ್ತಡ ಸ್ವಲ್ಪವೂ ಇಳಿಯಲಿಲ್ಲ ಅಂದರೆ ನನ್ನ ಮುಂದಿನ ಅನುಮಾನ ಸೈಲೆನ್ಸರ್ ಲೈನಿನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್. ಅದು ಕಟ್ಟಿಕೊಂಡರೆ ಹೊಗೆ ಹೊರಗೆ ಹೋಗದೆ ಇಂಜಿನ್ ಉಸಿರುಗಟ್ಟುತ್ತದೆ. ಸಾಮಾನ್ಯವಾಗಿ ಕಟ್ಟಿದ ಕನ್ವರ್ಟರ್ ಹೋಗಿ ಬಂದು ಮಾಡುವುದಿಲ್ಲ, ಯಾವಾಗಲೂ ಒಂದು ವೇಗದ ಮೇಲೆ ಏರಲು ಬಿಡುವುದಿಲ್ಲ. ಆದರೆ ಒಳಗಿನ ಜೇನುಗೂಡಿನಂಥ ತುಂಡು ಒಡೆದಿದ್ದರೆ ಅದು ಹೊಗೆಯ ರಭಸಕ್ಕೆ ತಿರುಗಿ ದಾರಿಗೆ ಅಡ್ಡ ನಿಲ್ಲುತ್ತದೆ, ಇಂಜಿನ್ ನಿಲ್ಲಿಸಿದಾಗ ಪಕ್ಕಕ್ಕೆ ಬೀಳುತ್ತದೆ. ಪೂರ್ತಿ ತಣ್ಣಗಾದ ಮೇಲೆ ಅದರ ಡಬ್ಬಿಗೆ ಕೈಮುಷ್ಟಿಯಿಂದ ಗುದ್ದಿ. ಒಳಗೆ ಗಲಗಲ ಅಂದರೆ ಆಕ್ಸಿಜನ್ ಸೆನ್ಸರಿನ ತೂತಿಗೆ ಗೇಜ್ ಹಾಕಿಸಿ ಹಿಮ್ಮುಖ ಒತ್ತಡ ಅಳೆಸಿ, ಆಮೇಲೆ ಕನ್ವರ್ಟರ್ ಬಿಚ್ಚಿಸಿ.